ಹಗಲು ಮಲಗದವರ ರಕ್ತದೊತ್ತಡ

ನಾಲ್ಕು ಮೀಟರ್ ನಡೆಯಿರಿ ಎಂದರೆ ಯಾರೂ ಸುಮ್ಮನೆ ನಡೆಯುವುದಿಲ್ಲ. "ಎಲ್ಲಿಗೆ?" ಎಂದು ಕೇಳುತ್ತಾರೆ. ಎಲ್ಲಿಗೂ ಅಲ್ಲ, ಈ ಟೇಪಿನಿಂದ ಆ ಟೇಪಿನವರೆಗೆ, ದಿನಾ ನಡೆಯುವ ಹಾಗೆ ಎಂದರೆ ಒಬ್ಬರು ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬರುತ್ತಾರೆ, ಇನ್ನೊಬ್ಬರು ಚಪ್ಪಲಿ ಹುಡುಕುತ್ತಾರೆ. ಮಾವಳ್ಳಿಯ ಒಬ್ಬ ಹಿರಿಯರು ಎರಡನೇ ಟೇಪನ್ನು ದಾಟಿ, ಅಂಗಳ ಇಳಿದು, ಕೊಟ್ಟಿಗೆಗೆ ಹೋಗಿ ಕರುವಿಗೆ ಹುಲ್ಲು ಹಾಕಿ ಬಂದರು. ಸ್ಟಾಪ್‌ವಾಚ್ ನನ್ನ ಕೈಯಲ್ಲಿ ಓಡುತ್ತಲೇ ಇತ್ತು. "ಆತಾ ನಿಮ್ದು?" ಎಂದು ಅವರೇ ನನ್ನನ್ನು ಕೇಳಿದರು.

ಕೆಲಸ ಹೇಳಿಕೊಳ್ಳಲು ಸುಲಭವಾಗಿತ್ತು. ವಯಸ್ಸಾಗುತ್ತ ಹೋದ ಹಾಗೆ ಮನುಷ್ಯನ ದೇಹದಲ್ಲಿ ಯಾವುದು ಮೊದಲು ಸೋಲುತ್ತದೆ, ಯಾವುದು ಕೊನೆಯವರೆಗೆ ತಾಳುತ್ತದೆ ಎಂದು ನೋಡುವ ಒಂದು ಅಧ್ಯಯನ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಕರಾವಳಿ ಹಳ್ಳಿಗಳಲ್ಲಿ ಅರವತ್ತೈದು ದಾಟಿದವರ ಮನೆಗೆ ಹೋಗಿ ಅಳತೆ ತೆಗೆದುಕೊಳ್ಳಬೇಕು. ಫಿಸಿಯೋಥೆರಪಿ ಓದಿದ ನಾನು, ರಕ್ತ ತೆಗೆಯಲು ಕುಮಟೆಯ ಒಬ್ಬ ಲ್ಯಾಬ್ ತಂತ್ರಜ್ಞ, ಒಂದು ಹಳೆಯ ಜೀಪು. ನಮ್ಮ ಮೇಲೆ ದೂರದ ನಗರದಲ್ಲಿ ಕುಳಿತ ಮುಖ್ಯ ಸಂಶೋಧಕಿ.

ಅಳತೆಗಳು ಐದು. ಮುಷ್ಟಿಯ ಬಲ, ನಡಿಗೆಯ ವೇಗ, ಕುರ್ಚಿಯಿಂದ ಐದು ಸಲ ಎದ್ದು ಕೂರುವುದಕ್ಕೆ ಹಿಡಿಯುವ ಸಮಯ, ಖಾಲಿ ಹೊಟ್ಟೆಯ ರಕ್ತ, ಮತ್ತು ಐದು ನಿಮಿಷ ಮಲಗಿದ ಮೇಲೆ ಒಮ್ಮೆ, ಎದ್ದು ನಿಂತ ಮೇಲೆ ಎರಡು ಸಲ ನೋಡುವ ರಕ್ತದೊತ್ತಡ. ಕಾಗದದ ಮೇಲೆ ಒಂದು ಮನೆಗೆ ಐವತ್ತು ನಿಮಿಷ ಸಾಕು. ಆದರೆ ಕುರ್ಚಿಯೇ ಇಲ್ಲದ ಮನೆಗೆ ನಾವೇ ಪ್ಲಾಸ್ಟಿಕ್ ಕುರ್ಚಿ ಹೊರಬೇಕು. ಹೊತ್ತ ಕುರ್ಚಿ ನಯವಾದ ಸಿಮೆಂಟಿನ ಮೇಲೆ ಜಾರುತ್ತದೆ, ಆದ್ದರಿಂದ ಅದನ್ನು ಹಿಂದಿನಿಂದ ಒಬ್ಬರು ಹಿಡಿದಿರಬೇಕು. ಖಾಲಿ ಹೊಟ್ಟೆಯಲ್ಲಿರಿ ಎಂದು ಹಿಂದಿನ ದಿನ ಮೂರು ಸಲ ಹೇಳಿ ಹೋಗಿದ್ದರೂ, ಬೆಳಿಗ್ಗೆ ಬಾಯಲ್ಲಿ ಚಹಾದ ವಾಸನೆ.

"ಚಾ ಕುಡಿದ್ರೆ ಎಂತ ಆತು? ಅದು ಊಟ ಅಲ್ಲ ಅಲ್ದಾ?"

ಹೌದು, ಊಟ ಅಲ್ಲ. ಆದರೆ ಅದರಲ್ಲಿ ಎರಡು ಚಮಚ ಸಕ್ಕರೆ ಇದೆ. ತಂತ್ರಜ್ಞ ಸೂಜಿ ಚೀಲಕ್ಕೆ ಹಾಕುತ್ತಿದ್ದ. ಮರುದಿನ ಮತ್ತೆ ಅದೇ ಮನೆ.

ಭಟ್ಕಳದ ಹತ್ತಿರದ ತೆಂಗಿನಗುಂಡಿಯಲ್ಲಿ, ನಾನು ಅಮ್ಮಾ ಎಂದು ಕರೆಯುತ್ತಿದ್ದ ಹಿರಿಯ ಹೆಂಗಸಿನ ಮನೆಗೆ ಹೋದದ್ದು ಇಂಥ ದಿನಗಳ ನಡುವೆ. ಸಮುದ್ರದ ದಂಡೆಯಿಂದ ನಾಲ್ಕು ಮನೆ ಒಳಗೆ, ಮಗ, ಸೊಸೆಯ ಜೊತೆ ಇದ್ದರು. ಮಗ ಬೋಟಿಗೆ ಹೋಗುವವನು. ಅಮ್ಮ ಐವತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದವರು. ಈಗ ತಿರುಗಾಟ ಬಿಟ್ಟು ಅಂಗಳದಲ್ಲಿ ಮೀನು ಸೀಳಿ ಉಪ್ಪು ಹಾಕಿ ಒಣಗಿಸುತ್ತಿದ್ದರು. ಬಾವಿಯ ನೀರನ್ನು ಸೊಸೆಗೆ ಸೇದಲು ಬಿಡುತ್ತಿರಲಿಲ್ಲ. ಆಧಾರ್ ಕಾರ್ಡಿನ ಪ್ರಕಾರ ಎಪ್ಪತ್ತೊಂಬತ್ತು ವರ್ಷ, ಹುಟ್ಟಿದ್ದು ಜನವರಿ ಒಂದನೇ ತಾರೀಕು. ನಮ್ಮ ಪಟ್ಟಿಯಲ್ಲಿ ಅರ್ಧ ಮಂದಿ ಹುಟ್ಟಿದ್ದು ಜನವರಿ ಒಂದಕ್ಕೇ.

ಮುಷ್ಟಿ ಬಲ ಅಳೆಯುವ ಯಂತ್ರ ಕೈಗೆ ಕೊಟ್ಟು, ಬಲವಾಗಿ ಹಿಸುಕಿ ಎಂದೆ. ಮುಳ್ಳು ಮೂವತ್ತೊಂದು ಕಿಲೋಗೆ ಹೋಗಿ ನಿಂತಿತು. ನಮ್ಮ ಪಟ್ಟಿಯ ಪ್ರಕಾರ ಆ ವಯಸ್ಸಿನ ಹೆಂಗಸಿಗೆ ಹದಿನೆಂಟು ಬಂದರೆ ಸಮಾಧಾನ. ನನಗೇ ಮೂವತ್ತು ದಾಟುವುದಿಲ್ಲ. ಇನ್ನೆರಡು ಸಲ ಹಿಸುಕಿಸಿದೆ. ಮೂವತ್ತು, ಮೂವತ್ತೊಂದು.

"ಮುರಿದ್ರೆ ನಂಗೆ ಹೇಳ್ಬೇಡಿ ಮತ್ತೆ" ಎಂದರು ಅಮ್ಮ, ಯಂತ್ರವನ್ನು ತಿರುಗಿಸಿ ನೋಡುತ್ತ.

ಕೊನೆಗೆ ರಕ್ತದೊತ್ತಡ. ಚಾಪೆ ಹಾಸಿ, ಐದು ನಿಮಿಷ ಮಲಗಿ ಅಮ್ಮಾ ಎಂದೆ.

"ಈಗಾ?"

"ಐದೇ ನಿಮಿಷ."

"ಹಗಲು ಹೊತ್ತಲ್ಲಿ ಮಲಗೂದಾ ಅಕ್ಕೋರೇ? ಕಂಡವ್ರು ಎಂತ ಹೇಳೂಕಿಲ್ಲ? ನಂಗೆಂತ ಸೀಕು ಬಂದದ್ಯಾ?" ಕೈಯಲ್ಲಿ ಫಾರಂ ಹಿಡಿದ ಹೆಂಗಸರೆಲ್ಲ ಅವರಿಗೆ ಅಕ್ಕೋರು, ಅಂದರೆ ಶಾಲೆಯ ಟೀಚರು. ಗೌರವ ಇತ್ತು, ಆದರೆ ಮಲಗುವಷ್ಟು ಅಲ್ಲ.

ಹೊರಗೆ ಮೀನು ಬಿಸಿಲಿಗೆ ಹಾಕಿದ್ದರು, ಕಾಗೆ ಕಾಯಬೇಕಿತ್ತು. ಜೀಪಿನಲ್ಲಿ ಬೇರೆ ಮನೆಯ ರಕ್ತದ ನಳಿಕೆಗಳು ಕುಮಟೆಗೆ ಹೋಗಲು ಕಾಯುತ್ತಿದ್ದವು. ಕೂತಲ್ಲೇ ಒಮ್ಮೆ ಒತ್ತಡ ನೋಡಿ, ಮಲಗಿಸಿ ನೋಡುವ ಜಾಗದಲ್ಲಿ 'ನಿರಾಕರಣೆ' ಎಂದು ಗುರುತು ಹಾಕಿದೆ. ಕಳೆದ ಒಂದು ವರ್ಷದಲ್ಲಿ ಬಿದ್ದಿದ್ದೀರಾ ಎಂಬ ಪ್ರಶ್ನೆಗೆ, "ನಾ ಎಂತಕ್ಕೆ ಬೀಳೂದು?" ಎಂದರು. 'ಇಲ್ಲ' ಎಂದು ಬರೆದೆ. ಮುಂದಿನ ಮನೆ.

ಹತ್ತು ದಿನದ ಮೇಲೆ ಮುಖ್ಯ ಸಂಶೋಧಕಿ ಫೋನು ಮಾಡಿದರು. ದನಿ ಮೃದುವಾಗಿತ್ತು. ಅವರು ಮೃದುವಾಗಿ ಮಾತಾಡಿದರೆ ಏನೋ ಕೆಟ್ಟಿದೆ ಎಂದು ಅರ್ಥ.

"ತೆಂಗಿನಗುಂಡಿಯ ಮುಷ್ಟಿ ಬಲದ ಅಂಕಿಗಳು ಸ್ವಲ್ಪ ವಿಚಿತ್ರವಾಗಿವೆ. ನೀವೇ ಖುದ್ದಾಗಿ ತೆಗೆದಿದ್ದಾ?"

"ಹೌದು ಮೇಡಂ."

"ಎಪ್ಪತ್ತೊಂಬತ್ತು ವರ್ಷದವರಿಗೆ ಮೂವತ್ತೊಂದು? ಮನೆಗೆ ಹೋಗದೆ ಫಾರಂ ತುಂಬಿದ ಪ್ರಕರಣಗಳು ಬೇರೆ ಕಡೆ ಆಗಿವೆ. ನಾನು ನಿಮ್ಮ ಬಗ್ಗೆ ಹೇಳುತ್ತಿಲ್ಲ. ವಿವರಣೆ ಬರೆದು ಕಳಿಸಿ. ಇಲ್ಲದಿದ್ದರೆ ಆ ಹಳ್ಳಿಯ ದಾಖಲೆಗಳನ್ನೆಲ್ಲ ತೆಗೆದುಹಾಕಬೇಕಾಗುತ್ತದೆ."

ನನ್ನ ಬಗ್ಗೆ ಹೇಳುತ್ತಿಲ್ಲವಂತೆ. ಮತ್ತೆ ಯಾರ ಬಗ್ಗೆ? ಒಂದೂವರೆ ತಿಂಗಳು ಹೆದ್ದಾರಿಯ ಧೂಳು ಕುಡಿದದ್ದು, ಕುರ್ಚಿ ಹೊತ್ತದ್ದು, ಕರುವಿಗೆ ಹುಲ್ಲು ಹಾಕಿ ಬರುವವರೆಗೆ ಕಾದದ್ದು ಎಲ್ಲ ಸುಳ್ಳು ಎಂದಾಯಿತು.

ಮೊದಲು ಯಂತ್ರವನ್ನು ಅನುಮಾನಿಸಿದೆ. ಕುಮಟಾ ಪೇಟೆಯ ಪರಿಚಯದ ಅಂಗಡಿಯಿಂದ ಹತ್ತು ಮತ್ತು ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಕಲ್ಲು ತಂದು, ಯಂತ್ರವನ್ನು ಕಿಟಕಿಯ ಸರಳಿಗೆ ಕಟ್ಟಿ, ಹಿಡಿಯ ಸರಿ ನಡುವಿಗೆ ಪಟ್ಟಿ ಹಾಕಿ ತೂಗುಬಿಟ್ಟೆವು. ಹತ್ತಕ್ಕೆ ಹತ್ತು. ಇಪ್ಪತ್ತಕ್ಕೆ ಇಪ್ಪತ್ತು. ಎರಡೂ ಸೇರಿಸಿದರೆ ಮೂವತ್ತು. ತಂತ್ರಜ್ಞ ಪ್ರತಿಯೊಂದಕ್ಕೂ ಫೋಟೋ ತೆಗೆದ. ಯಂತ್ರ ಸುಳ್ಳು ಹೇಳುತ್ತಿರಲಿಲ್ಲ.

ಫೋಟೋ ನೋಡಿದ ಮುಖ್ಯ ಸಂಶೋಧಕಿ, "ಹಾಗಾದರೆ ವಯಸ್ಸು ತಪ್ಪಿರಬೇಕು" ಎಂದರು. ಇದು ಸುಲಭವಾಗಿ ತಳ್ಳಿಹಾಕುವ ಮಾತಾಗಿರಲಿಲ್ಲ. ಕಾರ್ಡು ಮಾಡುವ ದಿನ ಯಾರೋ ಮುಖ ನೋಡಿ ಅಂದಾಜಿಗೆ ಹಾಕಿದ ವರ್ಷ ಅದು. ಅಮ್ಮನಿಗೆ ನಿಜವಾಗಿ ಅರವತ್ತಾರಾದರೆ ಮೂವತ್ತೊಂದು ಅಂಥ ಆಶ್ಚರ್ಯವೂ ಅಲ್ಲ. ವಯಸ್ಸಾಗುವುದನ್ನು ಅಳೆಯಲು ಹೊರಟು, ವಯಸ್ಸು ಎಷ್ಟೆಂದೇ ಗೊತ್ತಿಲ್ಲದ ಸ್ಥಿತಿಯಲ್ಲಿದ್ದೆವು.

ಮತ್ತೆ ತೆಂಗಿನಗುಂಡಿ. ಅಕ್ಕಪಕ್ಕದವರನ್ನು ವಿಚಾರಿಸಿದರೆ ಯಾರೂ ಬಾಯಿ ಬಿಡಲಿಲ್ಲ. ವಯಸ್ಸು ಕೇಳುತ್ತ ಬಂದವರು ಪಿಂಚಣಿ ನಿಲ್ಲಿಸಲು ಬಂದವರೇ ಎಂದು ಸುದ್ದಿಯಾಗಿತ್ತು. ನಾವು ಸರ್ಕಾರದವರಲ್ಲ, ಬರೆದದ್ದು ಯಾರಿಗೂ ತೋರಿಸುವುದಿಲ್ಲ ಎಂದು ಹೇಳಿದಷ್ಟೂ ಅನುಮಾನ ಹೆಚ್ಚಾಯಿತು. ಅಮ್ಮ ಮಾತ್ರ ಹೆದರಲಿಲ್ಲ, ಬೇಸರಗೊಂಡರು.

"ಹೋದ ಸಲ ಹೇಳಿದ್ನಲ್ಲಾ ವಯಸ್ಸು. ಮತ್ತೆ ಮತ್ತೆ ಕೇಳಿದ್ರೆ ಕಮ್ಮಿ ಆಗ್ತದ್ಯಾ?"

"ನಿಮ್ಮ ಬಲ ಕಂಡು ನಮ್ಮ ಮೇಲಿನವರಿಗೆ ನಂಬಿಕೆ ಬರ್ತಿಲ್ಲ ಅಮ್ಮಾ."

"ಅವ್ರನ್ನೇ ಬರೂಕೆ ಹೇಳಿ. ನೀರು ಸೇದಿ ತೋರಿಸ್ತೆ." ಸ್ವಲ್ಪ ಯೋಚಿಸಿ, "ಹೊನ್ನಾವರದಲ್ಲಿ ನನ್ನ ತಮ್ಮ ಇದ್ದಾನೆ. ಓದಿದವ. ಅವ್ನ ಹತ್ರ ಕಾಗದ ಎಲ್ಲ ಅದೆ. ಅವ್ನ ಎತ್ತಿ ದೊಡ್ಡ ಮಾಡಿದವ್ಳು ನಾನೇ" ಎಂದರು.

ತಮ್ಮ ಅಂಚೆ ಇಲಾಖೆಯಿಂದ ನಿವೃತ್ತರಾದವರು. ಹೊನ್ನಾವರದ ಪೇಟೆಯಿಂದ ಸ್ವಲ್ಪ ಆಚೆ ಮನೆ. ನೌಕರಿಗೆ ಸೇರುವಾಗ ಕೊಟ್ಟಿದ್ದ ಜನನ ದಾಖಲೆಯ ನಕಲನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಜೋಪಾನವಾಗಿ ಇಟ್ಟಿದ್ದರು. ಅವರಿಗೆ ಎಪ್ಪತ್ತು.

"ನಮ್ಮ ಜಿಲ್ಲೆ ಮುಂಬಯಿ ಸರ್ಕಾರದಿಂದ ಮೈಸೂರಿಗೆ ಸೇರಿದ ವರ್ಷ ಶಾಲೆಯಲ್ಲಿ ಸಿಹಿ ಹಂಚಿದ್ರಂತೆ" ಎಂದರು. "ಅಕ್ಕ ನನ್ನನ್ನ ಸೊಂಟದ ಮೇಲೆ ಕೂರಿಸ್ಕೊಂಡು ಶಾಲೆ ಬಾಗಿಲಲ್ಲಿ ನಿಂತಿದ್ಳಂತೆ. ಅವ್ಳಿಗೆ ಶಾಲೆ ಇಲ್ಲ, ನನ್ನ ನೋಡ್ಕೊಳ್ಳೂ ಕೆಲ್ಸ. ಮಾಸ್ತರ್ರು ಕರೆದು ಇಬ್ಬರಿಗೂ ಕೊಟ್ರು ಅಂತ ಇವತ್ತಿಗೂ ಹೇಳ್ತಾಳೆ. ನಾನಾಗ ಒಂದು ವರ್ಷದವ. ನಮ್ಮಿಬ್ಬರ ನಡುವೆ ಇನ್ನೂ ಇಬ್ಬರು ಹುಟ್ಟಿದ್ರು. ಉಳೀಲಿಲ್ಲ."

ಒಂದು ವರ್ಷದ ಕೂಸನ್ನು ಸೊಂಟದ ಮೇಲೆ ಹೊತ್ತು ತಿರುಗುವ ಹುಡುಗಿಗೆ ಏಳೆಂಟು ವರ್ಷವಾದರೂ ಆಗಿರಬೇಕು. ನಡುವಿನ ಎರಡು ಹೆರಿಗೆಯ ಲೆಕ್ಕವೂ ಅದಕ್ಕೇ ಕೂಡುತ್ತಿತ್ತು. ಅಂದರೆ ಅಮ್ಮನಿಗೆ ಎಪ್ಪತ್ತಾರರ ಕೆಳಗೆ ಇರಲು ಸಾಧ್ಯವಿಲ್ಲ. ಕಾರ್ಡು ಬರೆದವನ ಅಂದಾಜು ಹೆಚ್ಚು ತಪ್ಪಿರಲಿಲ್ಲ. ನಾನು ಗೆದ್ದಿದ್ದೆ. ವಿವರಣೆಯ ಮೊದಲ ಸಾಲನ್ನು ಮನಸ್ಸಿನಲ್ಲೇ ಬರೆಯುತ್ತ ಎದ್ದು ನಿಂತೆ.

ಬಾಗಿಲವರೆಗೆ ಬಂದ ತಮ್ಮ, "ಕೈ ಗಟ್ಟಿ ಅದೆ, ಅದು ಖರೆ. ಆದ್ರೆ ಬೀಳ್ತಾಳಲ್ಲ, ಅದಕ್ಕೆ ನೀವು ಎಂತ ಮಾಡ್ತೀರಿ?" ಎಂದರು.

"ಬೀಳ್ತಾರಾ?"

"ಹೇಳ್ಲಿಲ್ವಾ? ಮಳೆಗಾಲ ಮುಗಿದ ಮೇಲೆ ಎರಡು ಸಲ ಬಿದ್ದಳು. ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗೂವಾಗ. ಒಂದ್ಸಲ ಹಣೆ ಒಡೆದಿತ್ತು. ಹೊಸಿಲು ಎಡವ್ತು ಅಂತಾಳೆ. ಅಲ್ಲಿ ಹೊಸಿಲೇ ಇಲ್ಲ."

ಜೀಪಿನಲ್ಲಿ ಕೂತು ಅಮ್ಮನ ಫಾರಂ ತೆಗೆದೆ. ಬಿದ್ದಿದ್ದೀರಾ, ಇಲ್ಲ. ಮಲಗಿಸಿ ನಿಲ್ಲಿಸಿ ನೋಡಿದ ಒತ್ತಡ, ನಿರಾಕರಣೆ. ಎರಡೂ ನನ್ನದೇ ಕೈಬರಹ. ಎರಡು ವಾರ ಮೂವತ್ತೊಂದು ಎಂಬ ಒಂದು ಅಂಕಿಯನ್ನು ಉಳಿಸಿಕೊಳ್ಳಲು ಕಬ್ಬಿಣದ ಕಲ್ಲು ತೂಗುಹಾಕಿದ್ದೆ, ಊರೂರು ಸುತ್ತಿದ್ದೆ. ಅದೇ ಹಾಳೆಯ ಕೆಳಗೆ ಖಾಲಿ ಬಿಟ್ಟ ಜಾಗದ ಕಡೆ ಕಣ್ಣೇ ಹೋಗಿರಲಿಲ್ಲ. ಆವರೆಗೆ ಸಿಟ್ಟು ಬೇರೆಯವರ ಮೇಲಿತ್ತು.

ನಾವು ಎದ್ದು ನಿಂತ ಕೂಡಲೇ ಮೈಯ ರಕ್ತದಲ್ಲಿ ಸುಮಾರು ಅರ್ಧ ಲೀಟರಿನಷ್ಟು ಕಾಲು ಮತ್ತು ಹೊಟ್ಟೆಯ ಕಡೆಗೆ ಇಳಿಯುತ್ತದೆ. ಕುತ್ತಿಗೆಯ ರಕ್ತನಾಳದಲ್ಲಿರುವ ನರಗಳು ಅದನ್ನು ಗುರುತಿಸಿ ಸುದ್ದಿ ಕಳಿಸುತ್ತವೆ, ನಾಳಗಳು ಬಿಗಿಯಾಗುತ್ತವೆ, ಹೃದಯ ಸ್ವಲ್ಪ ಜೋರಾಗಿ ಬಡಿಯುತ್ತದೆ. ಇಷ್ಟೆಲ್ಲ ಕೆಲವು ಕ್ಷಣಗಳಲ್ಲಿ ಮುಗಿಯುತ್ತದೆ, ನಮಗೆ ತಿಳಿಯುವುದೂ ಇಲ್ಲ. ವಯಸ್ಸಾದ ಹಾಗೆ ನಾಳದ ಗೋಡೆ ಪೆಡಸಾಗುತ್ತದೆ, ಆ ನರಗಳ ಸೂಕ್ಷ್ಮತೆ ಕುಗ್ಗುತ್ತದೆ, ಕರೆ ಬಂದರೂ ಹೃದಯ ಮೊದಲಿನ ಹಾಗೆ ಓಗೊಡುವುದಿಲ್ಲ. ತಲೆಗೆ ರಕ್ತ ಸಾಲದೆ ಕಣ್ಣು ಕತ್ತಲಿಡುತ್ತದೆ. ಮುಷ್ಟಿ ಎಷ್ಟೇ ಗಟ್ಟಿ ಇರಲಿ, ಈ ವ್ಯವಸ್ಥೆಗೆ ಅದರಿಂದ ಏನೂ ಸಹಾಯವಿಲ್ಲ. ಇದನ್ನೆಲ್ಲ ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಮರುದಿನ ಚಾಪೆ ಹಿಡಿದು ಹೋದರೆ ಅಮ್ಮ ಮತ್ತೆ ಒಪ್ಪಲಿಲ್ಲ. ಬಿದ್ದದ್ದು ತಮ್ಮ ಹೇಳಿದ ಎಂದು ತಿಳಿದು ಇನ್ನಷ್ಟು ಕೋಪ.

"ಅವ್ನಿಗೆ ಬೇರೆ ಕೆಲ್ಸ ಇಲ್ಲ. ಕಾಲು ಜಾರಿದ್ದು. ಅಷ್ಟಕ್ಕೆ ಮನೆಮಂದಿ ಎದುರು ನಾ ಹಗಲು ಹೊತ್ತು ಕಾಲು ಚಾಚೂದಾ?"

ಬಾಗಿಲು ಹಾಕುತ್ತೇವೆ ಎಂದೆ. ಬಾಗಿಲು ಹಾಕಿದರೆ ಊರಿಗೆಲ್ಲ ಇನ್ನೂ ಸಂಶಯವಂತೆ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಆಗ ಸೊಸೆ ಒಳಗಿಂದ ಹೇಳಿದಳು: "ಅತ್ತೆ ಏಳೂ ಮೊದ್ಲೇ ಬನ್ನಿ ಮತ್ತೆ. ಐದೂವರೆಗೆ. ಆಗ ಮಲಗೇ ಇರ್ತಾರೆ."

ಎಷ್ಟು ಸರಳ! ಎಚ್ಚರಾಗಿ ಕೆಲಸಕ್ಕೆ ಬಿದ್ದವರನ್ನು ಹತ್ತು ಗಂಟೆಗೆ ಮಲಗಿ ಎನ್ನುವ ಬದಲು, ಮಲಗಿದವರು ಏಳುವ ಮೊದಲು ನಾವು ಹೋಗಬೇಕು. ಬೀಳುವುದೂ ಅದೇ ಹೊತ್ತಿಗೆ. ನಮ್ಮ ನಿಯಮಾವಳಿಯಲ್ಲಿ ಮನೆ ಭೇಟಿ ಎಂಟರ ನಂತರ ಎಂದಿತ್ತು. ಯಾರನ್ನೂ ಕೇಳದೆ ಭಟ್ಕಳದ ಒಂದು ಲಾಡ್ಜಿನಲ್ಲಿ ಉಳಿದೆವು. ಬೆಳಿಗ್ಗೆ ಐದೂವರೆಗೆ ಸೊಸೆ ಚಿಲಕ ತೆಗೆದಳು. ಅಮ್ಮ ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡೇ ಮಲಗಿದ್ದರು.

"ಬಂದ್ರಾ? ನೋಡಿ ಮುಗ್ಸಿ. ಒಲೆ ಹಚ್ಚೂಕದೆ."

ಮಲಗಿದಲ್ಲಿ ಮೇಲಿನ ಅಂಕಿ ನೂರ ನಲವತ್ತೆಂಟು, ನಾಡಿ ಎಪ್ಪತ್ತೆರಡು. ಈಗ ಎದ್ದು ನಿಲ್ಲಿ ಎಂದೆ. ದಿನಾ ಏಳುವ ಹಾಗೆ ಒಂದೇ ಸಲಕ್ಕೆ ಎದ್ದರು. ತೋಳಿನ ಪಟ್ಟಿ ಉಬ್ಬತೊಡಗಿತು. ಅರ್ಧ ನಿಮಿಷಕ್ಕೆ ಅವರ ನೋಟ ನನ್ನ ಮುಖದಿಂದ ಜಾರಿ ಗೋಡೆಗೆ ಹೋಯಿತು, ತುಟಿ ಬೆಳ್ಳಗಾಯಿತು. "ಅಮ್ಮಾ" ಎಂದೆ. ಉತ್ತರ ಬರಲಿಲ್ಲ. ನಾನೂ ಸೊಸೆಯೂ ಎರಡು ಕಡೆ ಹಿಡಿದುಕೊಂಡೆವು. ಯಂತ್ರ ತೋರಿಸಿದ್ದು ನೂರ ಎಂಟು. ನಲವತ್ತು ಇಳಿದಿತ್ತು. ನಾಡಿ ಎಪ್ಪತ್ತಾರು, ಅಂದರೆ ಹೃದಯ ಏನೂ ಆಗಿಲ್ಲವೆಂಬಂತೆ ತನ್ನ ಪಾಡಿಗೆ ಬಡಿಯುತ್ತಿತ್ತು. ಕೂರಿಸಿ, ಮಲಗಿಸಿದ ಮೇಲೆ ತುಟಿಗೆ ಬಣ್ಣ ಬಂತು. ನನ್ನ ಮುಂಗೈಯಲ್ಲಿ ಅವರ ಬೆರಳು ಒತ್ತಿದ ಗುರುತು ಸಂಜೆಯವರೆಗೂ ಇತ್ತು.

"ದಿನಾ ಹೀಗೆ ಆಗ್ತದ್ಯಾ?"

"ಗೋಡೆ ಹಿಡ್ಕಂಡ್ರೆ ಹೋತದೆ" ಎಂದರು. "ಹೇಳಿದ್ರೆ ಬಾವಿ ಹತ್ರ ಹೋಗೂಕೆ ಬಿಡೂದಿಲ್ಲ ಇವ್ರು."

ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದಾಗ ಸೊಸೆ ಡಬ್ಬಿ ತಂದಳು. ಒತ್ತಡ ಇಳಿಸುವ ಮಾತ್ರೆಯ ಎರಡು ಬೇರೆ ಬೇರೆ ಸ್ಟ್ರಿಪ್ಪುಗಳು. ಒಂದು ಹಳೆಯದು, ಇನ್ನೊಂದು ಮೊದಲಿನದನ್ನು ಬಿಟ್ಟು ತೆಗೆದುಕೊಳ್ಳಿ ಎಂದು ಆಮೇಲೆ ಕೊಟ್ಟದ್ದು. ಹಳೆಯದು ಸುಮ್ಮನೆ ಹಾಳಾಗುವುದು ಬೇಡವೆಂದು ಅಮ್ಮ ಎರಡನ್ನೂ ರಾತ್ರಿ ಊಟವಾದ ಮೇಲೆ ನುಂಗುತ್ತಿದ್ದರು. ಮಗ ಬೋಟಿನಿಂದ ಬಂದ ಮೇಲೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ವೈದ್ಯರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ನನ್ನ ಅಂಕಿಗಳನ್ನು ನೋಡಿ, ಹಳೆಯದನ್ನು ನಿಲ್ಲಿಸಿದರು. ಹೊಸದರ ಪ್ರಮಾಣ ಕಡಿಮೆ ಮಾಡಿದರು. ಎದ್ದ ಕೂಡಲೇ ನಿಲ್ಲಬಾರದು, ಎರಡು ನಿಮಿಷ ಕೂತು ಕಾಲು ಆಡಿಸಿ ಆಮೇಲೆ ಏಳಬೇಕು, ನೀರು ಹೆಚ್ಚು ಕುಡಿಯಬೇಕು ಎಂದರು.

ಕುಮಟೆಗೆ ಬಂದು ಎಲ್ಲ ಫಾರಂಗಳನ್ನು ಮೇಜಿನ ಮೇಲೆ ಹರಡಿದೆವು. ತಂತ್ರಜ್ಞ ಒಂದೊಂದೇ ಓದಿದ, ನಾನು ಬೇರೆ ಇಟ್ಟೆ. ನಿರಾಕರಣೆ, ನಿರಾಕರಣೆ, ನಿರಾಕರಣೆ. ಹೆಬಳೆ, ಮಾವಳ್ಳಿ, ಕುಮಟೆಯ ನಮ್ಮದೇ ಓಣಿ. ಬಹುತೇಕ ಎಲ್ಲರೂ ಮೈ ಬಗ್ಗಿಸಿ ದುಡಿಯುವವರು, ಹಗಲು ಮಲಗದವರು. ಹಾಗಾದರೆ ಈ ಪರೀಕ್ಷೆಗೆ ಒಪ್ಪಿ ಮಲಗಿದವರು ಯಾರು? ಮೊದಲೇ ಹಾಸಿಗೆ ಹಿಡಿದು ಮಲಗಿದ್ದವರು.

ಮುಖ್ಯ ಸಂಶೋಧಕಿಗೆ ಫೋನು ಮಾಡಿದೆ. ಕಬ್ಬಿಣದ ಕಲ್ಲು, ತಮ್ಮನ ದಾಖಲೆ, ವಯಸ್ಸು, ಎದ್ದು ನಿಂತಾಗ ಇಳಿದ ಒತ್ತಡ ಎಲ್ಲ ಹೇಳಿದೆ. ಸರಿ, ಅಂಕಿ ಒಪ್ಪಿಕೊಂಡೆ, ಇನ್ನು ಮುಂದಿನ ಹಳ್ಳಿಗೆ ಹೋಗಿ ಎಂದರು. ಇಲ್ಲ, ಇವರೆಲ್ಲರ ಮನೆಗೆ ಬೆಳಗಿನ ಜಾವ ಮತ್ತೆ ಹೋಗಬೇಕು ಎಂದೆ.

"ನಿರಾಕರಣೆಗೆ ಜಾಗ ಇದೆ. ಎಲ್ಲ ಅಧ್ಯಯನದಲ್ಲೂ ಇರುತ್ತದೆ. ನಾವು ಈಗಾಗಲೇ ಹಿಂದೆ ಬಿದ್ದಿದ್ದೇವೆ."

"ಅವರು ನಿರಾಕರಿಸಿಲ್ಲ ಮೇಡಂ. ನಾನು ತಪ್ಪು ಹೊತ್ತಿಗೆ ಹೋಗಿದ್ದೆ. ತಪ್ಪು ನನ್ನದು, ಬರೆದದ್ದು ಅವರ ಮೇಲೆ. ಅದನ್ನು ಹಾಗೇ ಬಿಟ್ಟು ನಾನು ಮುಂದಿನ ಹಳ್ಳಿಗೆ ಹೋಗುವುದಿಲ್ಲ. ಬೇಕಾದರೆ ಬೇರೆಯವರನ್ನು ನೇಮಿಸಿ."

ಕೆಲಸ ಹೋದರೆ ಮುಂದೇನು ಎಂದು ಯೋಚಿಸಿರಲಿಲ್ಲ. ಅವರು, "ಎಷ್ಟು ಇಳಿದಿತ್ತು ಅಂದಿರಿ?" ಎಂದು ಕೇಳಿದರು.

"ನಲವತ್ತು. ನಾಡಿ ಏರಿದ್ದು ನಾಲ್ಕು."

"ಮೂರು ವಾರ. ಒಂದು ದಿನವೂ ಹೆಚ್ಚಿಲ್ಲ."

ಆ ಮೂರು ವಾರ ನಾಯಿಗಳಿಗೂ ನಮಗೂ ಜಗಳ. ಟಾರ್ಚ್ ಹಿಡಿದು ಗದ್ದೆಯ ಅಂಚಿನಲ್ಲಿ ಜಾರಿದೆ, ಒಂದು ಮನೆಯಲ್ಲಿ ಕಳ್ಳರೆಂದು ಕೂಗಿದರು, ಇನ್ನೊಂದು ಮನೆಯಲ್ಲಿ ಅಜ್ಜ ನಾವು ಬರುತ್ತೇವೆಂದು ನಾಲ್ಕಕ್ಕೇ ಎದ್ದು ಸ್ನಾನ ಮುಗಿಸಿ ಅಂಗಿ ಹಾಕಿ ಕೂತಿದ್ದರು. ಮತ್ತೆ ಮಲಗಿ ಎಂದು ಅವರಿಗೆ ಹೇಳಲು ನನಗೆ ಬಾಯಿಯೇ ಬರಲಿಲ್ಲ, ಮರುದಿನ ಮತ್ತೆ ಹೋದೆವು. ಆದರೂ ಒಂದೆರಡು ಮನೆ ಬಿಟ್ಟು ಎಲ್ಲ ಆಯಿತು. ಎದ್ದಾಗ ಒತ್ತಡ ಕುಸಿಯುವವರು ಇನ್ನೂ ಕೆಲವರು ಸಿಕ್ಕರು. ಹೆಬಳೆಯ ಒಬ್ಬ ತರಕಾರಿ ಬೆಳೆಯುವ ಹೆಂಗಸು ತನಗೆ ಬೆಳಿಗ್ಗೆ ದೆವ್ವ ತಳ್ಳುತ್ತದೆಂದು ತಿಳಿದು ತಾಯತ ಕಟ್ಟಿಸಿಕೊಂಡಿದ್ದಳು. ಎಲ್ಲರನ್ನೂ ಆಸ್ಪತ್ರೆಗೆ ಚೀಟಿ ಬರೆದು ಕಳಿಸಿದೆವು. ಕೆಲವರು ಹೋದರು.

ಕೊನೆಯ ದಿನ ಮತ್ತೆ ತೆಂಗಿನಗುಂಡಿ. ಅಮ್ಮ ಚಾಪೆಯ ಮೇಲೆ ಎದ್ದು ಕೂತು ಕಾಲು ಆಡಿಸುತ್ತಿದ್ದರು, ಮುಖದಲ್ಲಿ ಅಸಮಾಧಾನ.

"ನಿಮ್ಮಿಂದ ನಾ ದಿನಾ ಬೆಳಿಗ್ಗೆ ಹೀಗೆ ಕೂರ್ಬೇಕಾತು. ಎರಡು ನಿಮಿಷ ಅಂದ್ರೆ ಎಷ್ಟು ಅಂತ ನಂಗೆಂತ ಗೊತ್ತು? ಅದಕ್ಕೆ ಒಂದು ಹಾಡು ಹೇಳ್ತೆ. ಮುಗಿದ್ರೆ ಏಳ್ತೆ."

"ಹೇಳಿ ಅಮ್ಮಾ, ಕೇಳುವಾ."

ಮದುವೆ ಮನೆಯಲ್ಲಿ ಅರಿಶಿಣ ಅರೆಯುವಾಗ ಹೇಳುವ ಹಾಡು. ದನಿ ಒಡೆದಿತ್ತು, ನಡುನಡುವೆ ಉಸಿರು ಎಳೆದುಕೊಳ್ಳುತ್ತಿದ್ದರು, ಆದರೆ ಒಂದು ಸಾಲೂ ಬಿಡಲಿಲ್ಲ. ಸೊಸೆ ಒಲೆಯ ಹತ್ತಿರದಿಂದ ಸೊಲ್ಲು ಕೂಡಿಸಿದಳು. ನಾನು ಅಭ್ಯಾಸಬಲದಿಂದ ಸ್ಟಾಪ್‌ವಾಚ್ ಒತ್ತಿದ್ದೆ. ಹಾಡು ಮುಗಿಯುವಾಗ ನಾಲ್ಕು ನಿಮಿಷ ಹತ್ತು ಸೆಕೆಂಡು.

ಅಮ್ಮ ನೆಲಕ್ಕೆ ಕೈಯೂರಿ ಎದ್ದು ನಿಂತರು. ಒಂದು ನಿಮಿಷಕ್ಕೆ ನೂರ ಇಪ್ಪತ್ತಾರು. ಮೂರು ನಿಮಿಷಕ್ಕೆ ನೂರ ಮೂವತ್ತು. ಗೋಡೆ ಎರಡು ಮಾರು ದೂರ ಇತ್ತು, ಅವರು ಅದರ ಕಡೆ ನೋಡಲೂ ಇಲ್ಲ.

"ಆತಾ?" ಎಂದರು.

"ಆತು" ಎಂದೆ. ತೋಳಿನ ಪಟ್ಟಿ ಬಿಚ್ಚಿಸಿಕೊಂಡು, ಕೊಡ ಎತ್ತಿಕೊಂಡು, ಬಾವಿಯ ಕಡೆ ನಡೆದರು.